ನಾಲ್ಕನೆಯ ಗುಂಪಿನ ಹೋತಗಳು

ಕಲಮಜೂ ದಾಟಿದ ಮೇಲೆ ಸಿಕ್ಕ ರೆಸ್ಟ್ ಏರಿಯಾದ ಬಾತ್‌ರೂಮಿನಲ್ಲಿ ಗೋಡೆಗೆ ಮುಖ ಮಾಡಿ ನಿಂತು ಜಗನ್ನಾಥನಿಗೆ ಎರಡು ನಿಮಿಷವಾಗಿತ್ತು. ಬರಲಿಲ್ಲ. ಇಪ್ಪತ್ತು ಮೈಲಿಯಿಂದ ತೊಡೆ ಬಿಗಿಹಿಡಿದು ಡ್ರೈವ್ ಮಾಡಿದವನಿಗೆ, ಇನ್ನು ತಡೆಯಲಾರೆ ಅಂತ ಕಾರಿನ ಬಾಗಿಲನ್ನೂ ಹಾಕದೆ ಓಡಿಬಂದವನಿಗೆ, ಈಗ ಒಂದು ಹನಿ ಬರಲೊಲ್ಲದು. ಹಿಂದೆ ಯಾರೋ ಬಂದು ನಿಂತರು. ಬೂಟಿನ ಸದ್ದು, ಆಮೇಲೆ ಒಂದು ಕೆಮ್ಮು. ಪಕ್ಕದ ಎರಡು ಜಾಗಗಳು ಕೆಟ್ಟಿವೆಯೆಂದು ಪ್ಲಾಸ್ಟಿಕ್ ಚೀಲ ಸುತ್ತಿದ್ದರು. ಅಂದರೆ ಆ ಮನುಷ್ಯ ಕಾಯುತ್ತಿರುವುದು ತನ್ನನ್ನೇ. ಕಾಯುತ್ತಿದ್ದಾನೆ ಅನ್ನಿಸಿದ್ದೇ ತಡ, ಒಳಗೆ ಏನೋ ಇನ್ನಷ್ಟು ಬಿಗಿದುಕೊಂಡಿತು. ಜಗನ್ನಾಥ ನೀರಿನ ಗುಂಡಿ ಒತ್ತಿದ, ಜಿಪ್ ಎಳೆದುಕೊಂಡ, ಆಗದ ಕೆಲಸ ಆದವನಂತೆ ಸಾವಕಾಶವಾಗಿ ಕೈ ತೊಳೆದ. ಬೇಟೆಗಾರರ ಕಿತ್ತಳೆ ಟೋಪಿ ಹಾಕಿದ್ದ ಆ ದಢೂತಿ ಮನುಷ್ಯ, "ಆತುರ ಏನಿರಲಿಲ್ಲ ಕಣಪ್ಪಾ" ಅನ್ನುವ ಅರ್ಥ ಬರುವಂತೆ ಇಂಗ್ಲಿಷಿನಲ್ಲಿ ಏನೋ ಹೇಳಿ ನಕ್ಕ. ಅವನಿಗೆ ಗೊತ್ತಾಗಿದೆ. ಗುರುತಿಲ್ಲದ, ಇನ್ನೆಂದೂ ಕಾಣದ ಒಬ್ಬ ಮನುಷ್ಯನಿಗೆ ತನ್ನ ಈ ಸಂಕಟ ಗೊತ್ತಾದದ್ದಕ್ಕೆ ಐವತ್ತನಾಲ್ಕರ ಜಗನ್ನಾಥನಿಗೆ ಅಳು ಬರುವಷ್ಟು ನಾಚಿಕೆಯಾಯಿತು. ಕೈ ಒರೆಸಿಕೊಳ್ಳಲು ಪೇಪರ್ ಇರಲಿಲ್ಲ.

ಕಾರಿನಲ್ಲಿ ಅಂಬುಜಾ ಥರ್ಮಾಸಿನಿಂದ ಕಾಫಿ ಬಗ್ಗಿಸುತ್ತಿದ್ದಳು. "ಆಯ್ತಾ?" ಎಂದಳು. "ಹ್ಞೂಂ, ಆಯ್ತು." "ಬೆಳಗಿಂದ ಮೂರನೇ ಸಲ ನಿಲ್ಲಿಸ್ತಾ ಇರೋದು. ಆ ನೇಪರ್‌ವಿಲ್ ಡಾಕ್ಟ್ರ ಹತ್ರ ಇನ್ನೊಂದ್ಸಲ ಹೋಗ್ಬಾರ್ದಾ ರೀ?" ಹಿಂದಿನ ಸೀಟಿನಲ್ಲಿ ಹದಿನೈದರ ಮಗಳು ಜಾನ್ವಿ ಕಿವಿಯ ವಯರು ಕೀಳದೆಯೇ, "ಡ್ಯಾಡ್, ಕೆನ್ ವಿ ಪ್ಲೀಸ್ ಜಸ್ಟ್ ಗೋ?" ಎಂದಳು. ಡಾಕ್ಟರು ಹೇಳಿದ್ದರು, ಐವತ್ತು ದಾಟಿದ ಗಂಡಸರಿಗೆಲ್ಲ ಇದು ಇದ್ದದ್ದೇ, ಚಿಂತೆ ಕಡಿಮೆ ಮಾಡಿ, ಯಾವಾಗಿನಿಂದ ಹೀಗೆ? ಹೋದ ವರ್ಷದ ಜೂನ್‌ನಿಂದ, ಎಂದು ಜಗನ್ನಾಥ ತಡವರಿಸದೆ ಹೇಳಿದ್ದ. ತಿಂಗಳನ್ನು ಅಷ್ಟು ಖಚಿತವಾಗಿ ಹೇಳಿದ್ದಕ್ಕೆ ಡಾಕ್ಟರು ತಲೆಯೆತ್ತಿ ನೋಡಿದ್ದರು. ಜೂನ್‌ನಲ್ಲಿ ಏನಾಯಿತು ಎಂದು ಅವರು ಕೇಳಿದ್ದರೆ ಆವತ್ತೇ ಹೇಳಿಬಿಡುತ್ತಿದ್ದೆನೇನೋ ಎಂದು ಈಗ ಬ್ಯಾಟಲ್ ಕ್ರೀಕಿನ ಎಕ್ಸಿಟ್ ದಾಟುತ್ತಾ ಅವನಿಗೆ ಅನ್ನಿಸಿತು. ಅವರು ಕೇಳಲಿಲ್ಲ, ಮಾತ್ರೆ ಬರೆದುಕೊಟ್ಟರು.

ಕೇಶವ್ ಫೋನ್ ಮಾಡಿದ್ದು ಬುಧವಾರ. "ಸರ್, ಬರೂ ವಾರ ಶುಕ್ರವಾರ ಡಿಯರ್‌ಬಾರ್ನಿನವರ ಹಬ್ಬ. ನಮ್ಮ ಹೋತ ಎಲ್ಲಾ ತಯಾರಾಗ್ಯಾವ. ನೀವು ಮಾಡಿದ್ದ ಫೀಡು, ನೀವು ಒಂದ್ಸಲ ಕಣ್ಣಿಲೆ ನೋಡಬೇಕ್ರಿ. ವೈನಿಯವರನ್ನೂ ಕರಕೊಂಡು ಬರ್ರಿ, ಗುಡಿಗೂ ಹೋಗಿ ಬಂದಂಗಾಗ್ತದ." ಕೇಶವ್ ಧಾರವಾಡದವನು. ನೋವೈಯಲ್ಲಿ ಮನೆ, ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಡಿಯರ್‌ಬಾರ್ನಿಗೆ ಡ್ರೈವ್ ಮಾಡಿ ಕಾರಿನ ಬಾಗಿಲಿನ ಕೀಲುಗಳನ್ನು ಡಿಸೈನ್ ಮಾಡುತ್ತಿದ್ದ. ಈ ವರ್ಷದ ಫೆಬ್ರವರಿಯಲ್ಲಿ ಅವನ ಇಡೀ ವಿಭಾಗವನ್ನೇ ಒಂದು ಮಧ್ಯಾಹ್ನ ಮನೆಗೆ ಕಳಿಸಿದರು. ಆರು ವಾರ ಕಂಡಕಂಡಲ್ಲಿ ಅಪ್ಲೈ ಮಾಡಿದ. ಆಮೇಲೆ ಯಾರೋ ಹೇಳಿದರಂತೆ, ಡಿಯರ್‌ಬಾರ್ನಿನ ಅರಬರಿಗೆ ಕುರ್ಬಾನಿಯ ಹಬ್ಬಕ್ಕೆ ಒಳ್ಳೆಯ ಹೋತ ಸಿಗುವುದಿಲ್ಲ, ದೂರದಿಂದ ತರಿಸುತ್ತಾರೆ ಎಂದು. ನೋವೈಯಿಂದ ಮೂವತ್ತು ಮೈಲಿಯಾಚೆ ಫೌಲರ್‌ವಿಲ್ ಹತ್ತಿರ ಒಂದು ಹಳೆಯ ಕೊಟ್ಟಿಗೆ ಬಾಡಿಗೆಗೆ ಹಿಡಿದು ನಲವತ್ತು ಗಂಡುಮರಿ ತಂದ. ಮೊಟ್ಟೆಯನ್ನೂ ಮುಟ್ಟದವನು! ಯಾವ ಮೇವು ಹಾಕಲಿ ಎಂದು ಅವನು ಕೇಳಿದ್ದು ಜಗನ್ನಾಥನನ್ನೇ. ನೇಪರ್‌ವಿಲ್ ಕಡೆ ಬಂದಿದ್ದಾಗ, ಕನ್ನಡಕೂಟದ ಯುಗಾದಿ ಊಟದಲ್ಲಿ, ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತು, ಹೋಳಿಗೆ ಮುರಿಯುತ್ತಾ. ಜಗನ್ನಾಥ ಆಗ ಏನು ಹೇಳಬಹುದಿತ್ತು? ಹುಲ್ಲು ಹಾಕಿ ಎನ್ನಬಹುದಿತ್ತು. ಅಂಗಡಿಯಲ್ಲಿ ಸಿಗುವ ಇನ್ಯಾವುದಾದರೂ ಹೆಸರು ಹೇಳಬಹುದಿತ್ತು. ಎದುರಿಗೆ ನಾಲ್ಕು ಜನ ಕೂತಿದ್ದರು, ಅವರಲ್ಲಿ ಇಬ್ಬರು ಹೃದಯದ ಡಾಕ್ಟರುಗಳು. ಅಂಬುಜಾ ಹದಿನೆಂಟು ವರ್ಷದಿಂದ ಎಲ್ಲರಿಗೂ, ನಮ್ಮೋರು ಅಗ್ರಿಕಲ್ಚರ್ ಕಡೆ ಎಂದು ತೇಲಿಸಿ ಹೇಳುತ್ತಾ ಬಂದಿದ್ದಳು. ಅವತ್ತು ಮೊದಲ ಬಾರಿಗೆ ಒಬ್ಬ ಮನುಷ್ಯ ಅವನ ವಿದ್ಯೆಯನ್ನು ಕೈಚಾಚಿ ಕೇಳಿದ್ದ. ಜಗನ್ನಾಥ ತನ್ನ ಮೇವಿನ ಹೆಸರು ಹೇಳಿದ.

ಆ ಮೇವಿನ ಪ್ರಯೋಗವೇನೋ ಸರಳವಾಗಿತ್ತು. ಮೂವತ್ತಾರು ಗಂಡುಮರಿಗಳು, ಒಂಬತ್ತೊಂಬತ್ತರ ನಾಲ್ಕು ಗುಂಪು. ಮೊದಲನೆಯದಕ್ಕೆ ಕೊಬ್ಬು ಕಡಿಮೆ, ನಾರು ಹೆಚ್ಚು. ಎರಡನೆಯದಕ್ಕೆ ಎರಡೂ ಹೆಚ್ಚು. ಮೂರನೆಯದಕ್ಕೆ ಎರಡೂ ಕಡಿಮೆ. ನಾಲ್ಕನೆಯದಕ್ಕೆ ಕೊಬ್ಬು ಹೆಚ್ಚು, ನಾರು ಕಡಿಮೆ. ಕೊಬ್ಬು ಬರುತ್ತಿದ್ದದ್ದು ಮುಸುಕಿನ ಜೋಳದಿಂದ ಎಥನಾಲ್ ತೆಗೆದ ಮೇಲೆ ಉಳಿಯುವ ಚರಟದಿಂದ. ಆ ವರ್ಷ ಇಲಿನಾಯ್ ತುಂಬ ಅದು ರಾಶಿ ಬಿದ್ದಿತ್ತು, ಜಗನ್ನಾಥ ಕೆಲಸ ಮಾಡುತ್ತಿದ್ದ ಮೇವಿನ ಕಂಪನಿ ಅದನ್ನು ಯಾವುದಾದರೊಂದು ಪ್ರಾಣಿಯ ಬಾಯಿಗೆ ಹಾಕಲೇಬೇಕಿತ್ತು. ಕೊಬ್ಬು ಜಾಸ್ತಿಯಾದರೆ ಮೇಕೆಯ ಹೊಟ್ಟೆಯೊಳಗಿನ ಜೀವಾಣುಗಳು ನಾರನ್ನು ಅರಗಿಸಲಾರವು; ಎರಡನೆಯ ಗುಂಪು ಪುಸ್ತಕದಲ್ಲಿ ಬರೆದಿಟ್ಟ ಹಾಗೆ ಸೊರಗಿತು. ನಾಲ್ಕನೆಯದು ಮಾತ್ರ ದಿನಕ್ಕೆ ನೂರ ತೊಂಬತ್ತು ಗ್ರಾಂ ಏರಿತು, ಮೊದಲನೆಯದಕ್ಕಿಂತ ಎಪ್ಪತ್ತು ಗ್ರಾಂ ಹೆಚ್ಚು. ಬೆನ್ನಿನ ಮೇಲೆ ಕೈಯಿಟ್ಟರೆ ಮೂಳೆ ಸಿಗದಂತೆ ತುಂಬಿಕೊಂಡವು. ಲಿಸ್ಲ್‌ನ ಆಫೀಸಿನಲ್ಲಿ ಆ ಗ್ರಾಫನ್ನು ಬಣ್ಣದಲ್ಲಿ ಪ್ರಿಂಟ್ ಮಾಡಿ ಗೋಡೆಗೆ ಹಚ್ಚಿದರು. ಜನವರಿಯಲ್ಲಿ ಅವನ ಮಹಡಿಯ ಹನ್ನೊಂದು ಜನ ರಟ್ಟಿನ ಡಬ್ಬ ಹಿಡಿದು ಲಿಫ್ಟಿನಲ್ಲಿ ಇಳಿದು ಹೋದಾಗ ಅವನ ಮೇಲಿನವನು, ಅವನಿಗಿಂತ ಹದಿನಾರು ವರ್ಷ ಚಿಕ್ಕವನು, ಭುಜ ತಟ್ಟಿ, ನಿನ್ನನ್ನು ನಿನ್ನ ಮೇಕೆಗಳು ಉಳಿಸಿದವು ಎಂದ. ಜಗನ್ನಾಥ ಥ್ಯಾಂಕ್ಯೂ ಎಂದಿದ್ದ. ವರದಿಯ ಹದಿನಾಲ್ಕನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ನಾಲ್ಕನೆಯ ಗುಂಪಿನ ಎರಡು ಪ್ರಾಣಿಗಳನ್ನು ಆಹಾರಕ್ಕೆ ಸಂಬಂಧಿಸದ ಕಾರಣಗಳಿಗಾಗಿ ಪ್ರಯೋಗದಿಂದ ಕೈಬಿಡಲಾಗಿದೆ. ಆ ಸಾಲನ್ನು ಯಾರೂ ಓದಿರಲಿಲ್ಲ.

"ಸ್ಪೀಡು ನೋಡ್ರೀ," ಎಂದಳು ಅಂಬುಜಾ. ಗಂಟೆಗೆ ತೊಂಬತ್ತು ಮೈಲಿ ದಾಟಿತ್ತು. ಕಾಲು ಸಡಿಲಿಸಿದ. ಕೂರಲಾಗುತ್ತಿರಲಿಲ್ಲ, ಸೀಟು ಹಿಂದೆ ಮಾಡಿದ, ಮುಂದೆ ಮಾಡಿದ, ಕಿಟಕಿ ಇಳಿಸಿದ, ನವೆಂಬರಿನ ಕೊರೆಯುವ ಗಾಳಿ ನುಗ್ಗಿ ಜಾನ್ವಿ ಕಿರುಚಿಕೊಂಡಳು, ಏರಿಸಿದ. ಹೋದ ವರ್ಷ ಜೂನ್‌ನ ಆ ದಿನ ಫೋನು ಹಿಡಿದುಕೊಂಡಿದ್ದವಳು ಇವಳೇ. ಅಪ್ಪನ ಶ್ರಾದ್ಧ. ಅಡುಗೆಮನೆಯಲ್ಲಿ ಅಂಬುಜಾ ಮಡಿಯಲ್ಲಿ ವಡೆ ಕರಿಯುತ್ತಿದ್ದಳು, ಪುರೋಹಿತರು ಫ್ಯಾಮಿಲಿ ರೂಮಿನಲ್ಲಿ ಎಲೆ ಹರಡಿಕೊಂಡಿದ್ದರು, ಜಗನ್ನಾಥ ಪಂಚೆಯುಟ್ಟು ಬೆರಳಿಗೆ ದರ್ಭೆಯ ಪವಿತ್ರ ಹಾಕಿಕೊಂಡು ಕೂತಿದ್ದ. ಫೋನು ಬಿಡದೆ ಬಡಿದುಕೊಂಡಿತು. ಮಡಿಯಿಲ್ಲದವಳು ಜಾನ್ವಿ ಒಬ್ಬಳೇ. ಸ್ಪೀಕರ್ ಹಾಕಿ, ಮುಟ್ಟದಂತೆ ಮಾರು ದೂರ ನಿಂತು ಹಿಡಿದಳು. ಪ್ರಯೋಗದ ಮೇಕೆಗಳನ್ನು ನೋಡಿಕೊಳ್ಳುತ್ತಿದ್ದ ಡೇಲ್ ಮಾತಾಡಿದ. ನಾಲ್ಕನೆಯ ಗುಂಪಿನದು ಇನ್ನೊಂದು ಹೋಯಿತು, ಡಾಕ್. ಮೊನ್ನೆಯದರ ಹಾಗೇ. ಎರಡು ದಿನ ಕಾಲು ಹಿಂದಕ್ಕೆ ಚಾಚಿ ನಿಂತು ತಿಣುಕಿತು, ಬೆನ್ನು ಬಗ್ಗಿಸಿತು, ಹಲ್ಲು ಕಡಿಯಿತು. ಹೊಟ್ಟೆಯ ಕೆಳಗಿನ ಕೂದಲಿನ ತುದಿಯಲ್ಲಿ ಮರಳಿನಂಥದ್ದೇನೋ ಅಂಟಿದೆ. ಲ್ಯಾಬಿಗೆ ಕಳಿಸಲಾ, ಇಲ್ಲೇ ಕೊಯ್ದು ನೋಡಲಾ? ಪುರೋಹಿತರು ಮಂತ್ರ ನಿಲ್ಲಿಸಿ ಕಾಯುತ್ತಿದ್ದರು. ಜಗನ್ನಾಥ ಹೇಳಿದ: ಬೇಡ, ಹೂತುಬಿಡು. ಡೇಲ್ ಕೇಳಿದ: ಯಾಕೆ ಸತ್ತಿತೆಂದು ಗೊತ್ತಾಗುವುದು ಬೇಡವಾ, ಡಾಕ್? ಇವತ್ತು ಮನೆಯಲ್ಲಿ ಪೂಜೆ, ಇಂಥ ಮಾತು ಆಡುವಂತಿಲ್ಲ, ಹೂತುಬಿಡು, ಎಂದ ಜಗನ್ನಾಥ. ಅವತ್ತಿನಿಂದ ಹದಿನೇಳು ತಿಂಗಳು ಜಗನ್ನಾಥ ತನಗೆ ತಾನೇ ಹೇಳಿಕೊಂಡಿದ್ದು ಇದನ್ನೇ. ಅಪ್ಪನ ತಿಥಿಯ ದಿನ, ಪಿಂಡ ಮುಂದಿಟ್ಟುಕೊಂಡು, ಸತ್ತ ಮೇಕೆಯ ಹೊಟ್ಟೆ ಕೊಯ್ಯಿ ಎಂದು ಹೇಳಲು ಯಾರಿಗೆ ಬಾಯಿ ಬರುತ್ತದೆ? ಆದರೆ ಡೇಲ್‌ನ ಹತ್ತಿರ ಶೀತಲ ಕೋಣೆಯಿತ್ತು. ನಾಳೆಯವರೆಗೆ ಇಟ್ಟಿರು ಎನ್ನಬಹುದಿತ್ತು.

ಮರಳೆಂದರೆ ಏನೆಂದು ಅವನಿಗೆ ಗೊತ್ತಿತ್ತು. ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ಎರಡನೆಯ ವರ್ಷಕ್ಕೇ ಗೊತ್ತಿತ್ತು. ನಾರು ಕಡಿಮೆಯಾದರೆ ಮೇಕೆ ಮೆಲುಕು ಹಾಕುವುದು ಕಡಿಮೆ. ಮೆಲುಕು ಕಡಿಮೆಯಾದರೆ ಜೊಲ್ಲು ಕಡಿಮೆ. ಜೊಲ್ಲಿನ ಜೊತೆ ಹಿಕ್ಕೆಯಲ್ಲಿ ಹೋಗಬೇಕಾದ ರಂಜಕ, ಅಂದರೆ ಫಾಸ್ಫರಸ್, ಮೂತ್ರಕ್ಕೆ ಇಳಿದು ಹರಳುಗಟ್ಟುತ್ತದೆ. ಜೋಳದ ಚರಟದಲ್ಲಿ ರಂಜಕ ಮೊದಲೇ ಹೆಚ್ಚು. ಹೆಣ್ಣಾದರೆ ಹರಳು ಜಾರಿ ಹೋಗುತ್ತದೆ, ಗಂಡಿನ ಮೂತ್ರನಾಳ ಕಿರಿದು. ಇಷ್ಟೇ. ಕಾಲೇಜಿನ ಕೊಟ್ಟಿಗೆಯಲ್ಲಿ ಮೇಕೆ ನೋಡಿಕೊಳ್ಳುತ್ತಿದ್ದ ಚಿಕ್ಕತಾಯಮ್ಮ ಇದನ್ನು ಯಾವ ಪುಸ್ತಕವನ್ನೂ ಓದದೆ ಹೇಳುತ್ತಿದ್ದಳು. ಅವನ ಎಂ.ವಿ.ಎಸ್‌ಸಿ. ಪ್ರಯೋಗದ ಮರಿಗಳಿಗೆ ಕದ್ದು ಹಲಸಿನ ಸೊಪ್ಪು ಹಾಕುತ್ತಿದ್ದಳು. ಲೆಕ್ಕವೆಲ್ಲ ಕೆಟ್ಟುಹೋಗಿ ಅವನು ಕೂಗಾಡಿದರೆ, "ಬರೀ ಹಿಂಡಿ ಹಾಕುದ್ರೆ ಗಂಡುಮರೀಗೆ ಉಚ್ಚೆ ಕಟ್ಕತದೆ ಸೋಮಿ, ಏನಾರ ಅಗೀಬೇಕು ಅವು" ಎಂದಳು. ಅವನು ಪ್ರೊಫೆಸರಿಗೆ ದೂರು ಬರೆದುಕೊಟ್ಟ. ಅವಳನ್ನು ಕಸ ಗುಡಿಸಲು ಹಾಕಿದರು. ಅವಳ ಮುಖ ಈಗ ನೆನಪಿಗೆ ಬರುವುದಿಲ್ಲ, ಸೆರಗಿನಲ್ಲಿ ಸೊಪ್ಪು ಕಟ್ಟಿಕೊಂಡ ಸೊಂಟ ಮಾತ್ರ ಬರುತ್ತದೆ. ಆ್ಯನ್ ಆರ್ಬರ್ ಹತ್ತಿರ ಮತ್ತೆ ನಿಲ್ಲಿಸಬೇಕಾಯಿತು. ಈ ಸಲ ಸ್ವಲ್ಪ ಆಯಿತು.

ನೋವೈಯಲ್ಲಿ ಪ್ಯಾಂಟು ಬದಲಿಸಿ ಪಂಚೆಯುಟ್ಟು ಗುಡಿಗೆ ಹೋಗಿ ಮಂಗಳಾರತಿ ತೆಗೆದುಕೊಂಡು ಕೇಶವ್‌ನ ಮನೆ ಮುಟ್ಟುವಾಗ ಮಧ್ಯಾಹ್ನ ಒಂದು. ಆ ಸಬ್‌ಡಿವಿಷನ್ನಿನಲ್ಲಿ ನಾಲ್ಕು ಮನೆಗಳ ಮುಂದೆ ಮಾರಾಟದ ಬೋರ್ಡುಗಳಿದ್ದವು. ಕೇಶವ್‌ನ ಹೆಂಡತಿ, ಇಂದು ಎಂದು ಅವಳ ಹೆಸರು, ಬಡಿಸಿದಳು, ಬದನೆಕಾಯಿ ಎಣ್ಣೆಗಾಯಿ, ಜೋಳದ ರೊಟ್ಟಿ. ಎಲ್ಲರನ್ನೂ ವಿಚಾರಿಸಿದಳು, ನಕ್ಕಳು, ಗಂಡನನ್ನು ಮಾತ್ರ ಒಂದು ಸಲವೂ ಮುಖವೆತ್ತಿ ನೋಡಲಿಲ್ಲ. "ಮೇಕೆ ಹೇಗಿವೆ?" ಎಂದು ಅಂಬುಜಾ ಕೇಳಿದಾಗ, "ಅವರನ್ನ ಕೇಳ್ರಿ, ನನಗ ಅದ್ರ ಸುದ್ದಿ ಬ್ಯಾಡ" ಎಂದು ತುಪ್ಪದ ಬಟ್ಟಲನ್ನು ಕುಕ್ಕಿಟ್ಟಳು. ಕೇಶವ್ ತಲೆ ತಗ್ಗಿಸಿ ರೊಟ್ಟಿ ಮುರಿದ. ಹೇಳಿಬಿಡಬೇಕು ಎಂದು ಜಗನ್ನಾಥ ಮನೆ ಬಿಟ್ಟಾಗಿನಿಂದ ಅಂದುಕೊಂಡು ಬಂದಿದ್ದ. ಊಟದ ಮೇಜಿನಲ್ಲಿ ಹೇಗೆ ಹೇಳುವುದು. ಕೊಟ್ಟಿಗೆಯಲ್ಲಿ ಹೇಳಿದರಾಯಿತು. ಅಥವಾ ಹೇಳದೆಯೂ ಆಗಬಹುದು. ಆರು ದಿನ ಕಳೆದರೆ ಆ ನಲವತ್ತೂ ಇರುವುದಿಲ್ಲ. ಆರು ದಿನದಲ್ಲಿ ಏನಾಗುತ್ತದೆ? ಹೀಗೆ ಯೋಚಿಸಿದ್ದಕ್ಕೆ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು, ಆದರೂ ಆ ಯೋಚನೆಯಿಂದ ಸಿಕ್ಕ ನೆಮ್ಮದಿಯನ್ನು ಅವನು ಬಿಡಲಿಲ್ಲ, ಅದನ್ನಿಟ್ಟುಕೊಂಡೇ ಮಜ್ಜಿಗೆ ಕುಡಿದ.

ಹೆಂಗಸರನ್ನು ಮನೆಯಲ್ಲಿ ಬಿಟ್ಟು ಇಬ್ಬರೇ ಫೌಲರ್‌ವಿಲ್‌ಗೆ ಹೊರಟರು. ದಾರಿಯುದ್ದಕ್ಕೂ ಕೇಶವ್ ಮಾತಾಡಿದ. ಹೊಸ ಕಾರುಗಳ ಬಾಗಿಲಿನ ಬಗ್ಗೆ, ಸಂದರ್ಶನಕ್ಕೆ ಕರೆದು ಮೂವತ್ತು ಜನರನ್ನು ಒಂದೇ ಕೋಣೆಯಲ್ಲಿ ಕೂರಿಸಿದ ಒಂದು ಕಂಪನಿಯ ಬಗ್ಗೆ. ಡಿಯರ್‌ಬಾರ್ನಿನ ವ್ಯಾಪಾರಿ ಬುಧವಾರ ಟ್ರಕ್ಕು ತರುತ್ತಾನಂತೆ. ಮೊದಲ ಸಲ ಬಂದಾಗ ಹೋತದ ಬೆನ್ನು ಹಿಚುಕಿ ನೋಡಿ, ಇಷ್ಟು ತುಂಬಿದ ಮಾಲು ಎಲ್ಲೂ ಕಂಡಿಲ್ಲ ಎಂದನಂತೆ. "ನನಗ ಕೊಯ್ಯೂದು ಗೊತ್ತಿಲ್ಲ, ತಿನ್ನೂದು ಗೊತ್ತಿಲ್ಲ. ಬೆಳಸೂದೊಂದು ಗೊತ್ತಾತು ನೋಡ್ರಿ, ನಿಮ್ಮಿಂದ." ಜಗನ್ನಾಥ ಕಿಟಕಿಯ ಹೊರಗೆ ನೋಡಿದ. ಕೊಯ್ಲಾದ ಹೊಲಗಳು, ಒಂದು ಚರ್ಚು, ಮತ್ತೆ ಹೊಲಗಳು.

ಕೊಟ್ಟಿಗೆಯ ಗೋಡೆಯ ಮೇಲೆ ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿದ ಒಂದು ತಖ್ತೆಯಿತ್ತು. ದಿನಾಂಕ, ಹೊತ್ತು, ಪ್ರತಿ ಅಂಕಣಕ್ಕೆ ಹಾಕಿದ ಮೇವಿನ ತೂಕ, ಔನ್ಸಿನ ಹತ್ತನೆಯ ಭಾಗದವರೆಗೆ. ಪಕ್ಕದಲ್ಲಿ ಅಡುಗೆಮನೆಯ ತಕ್ಕಡಿ. ಮೂಲೆಯಲ್ಲಿ ಹುಲ್ಲಿನ ಪೆಂಡಿಗಳನ್ನು ನೀಲಿ ಟಾರ್ಪಾಲು ಮುಚ್ಚಿ ಹಗ್ಗ ಬಿಗಿದು ಕಟ್ಟಿದ್ದ. "ಹುಲ್ಲು ಮುಟ್ಟಾಕ ಕೊಡೂದಿಲ್ರಿ ಅವಕ್ಕ. ನಿಮ್ಮ ಚೀಲದ ಮ್ಯಾಲೆ ಎಷ್ಟು ಬರದದ ಅಷ್ಟs. ಈ ಕೊಟ್ಟಿಗಿ ಮಾಲಕ, ಮುದುಕ, ಬಂದಾಗೊಮ್ಮೆ ಒಂದೊಂದು ಹಿಡಿ ಹುಲ್ಲು ಒಗೀತಿದ್ದ. ಜಗಳಾಡಿ ನಿಲ್ಲಿಸಿದೆ. ಡ್ರಾಯಿಂಗದಾಗ ಒಂದು ಹಾಕಿ ಶಾಪ್‌ದಾಗ ಒಂದು ಮಾಡಿದ್ರ ಬಾಗಲಾ ಕೂಡತದೇನ್ರಿ?" ಕಾರಿನ ಕೀಲು ಮಾಡುವ ಮನುಷ್ಯ, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗದಂತೆ ಜಗನ್ನಾಥನ ಮಾತನ್ನು ನಡೆಸಿದ್ದ. ಸೋಮಾರಿಯೊಬ್ಬ, ಮರೆಗುಳಿಯೊಬ್ಬ ಸಾಕಿದ್ದರೆ ಈ ಮೇಕೆಗಳು ಸುಖವಾಗಿರುತ್ತಿದ್ದವು. ಹೋತಗಳು ದುಂಡಗೆ ಹೊಳೆಯುತ್ತಾ ಬೇಲಿಗೆ ಬಂದು ಒತ್ತಿದವು, ಅವನ ಕೋಟಿನ ಗುಂಡಿ ಕಚ್ಚಿ ಎಳೆದವು. ಏನನ್ನಾದರೂ ಅಗಿಯಬೇಕಾಗಿತ್ತು ಅವುಗಳಿಗೆ. ಬೇಲಿಯ ಹಲಗೆಗಳನ್ನೇ ಕೆರೆದು ಕೆರೆದು ಬೆಳ್ಳಗೆ ಮಾಡಿದ್ದವು.

ಒಂದು ಮಾತ್ರ ಬಂದಿರಲಿಲ್ಲ. ಹಿಂದಿನ ಗೋಡೆಯ ಹತ್ತಿರ ಕಪ್ಪು ಹೋತವೊಂದು ಹಿಂಗಾಲು ಚಾಚಿ ನಿಂತಿತ್ತು. ಬಾಲ ಅದುರುತ್ತಿತ್ತು. "ಅದಕ್ಕ ಮಲಬದ್ಧ ಆಗೇದ್ರಿ," ಎಂದ ಕೇಶವ್ ಬೇಗ ಬೇಗ. "ನಿನ್ನಿಂದ ತಿಣುಕ್ತದ. ಹರಳೆಣ್ಣಿ ಕುಡಿಸೀನಿ. ಇಳೀತದ." ಜಗನ್ನಾಥ ಬೇಲಿ ದಾಟಿದ. ಹತ್ತಿರ ಹೋಗಬೇಕಾಗಿರಲಿಲ್ಲ, ಹಲ್ಲು ಕಡಿಯುವುದು ಕೇಳುತ್ತಿತ್ತು. ಗುಡಿಗೆಂದು ಉಟ್ಟ ರೇಷ್ಮೆಯಂಚಿನ ಪಂಚೆಯಲ್ಲೇ ಹಿಕ್ಕೆಯ ಮೇಲೆ ಮಂಡಿಯೂರಿದ. ಕೂದಲಿನ ತುದಿಯಲ್ಲಿ ಸಣ್ಣ ಬಿಳಿಯ ಕಾಳುಗಳು ಅಂಟಿಕೊಂಡಿದ್ದವು. ಬೆರಳಲ್ಲಿ ಉಜ್ಜಿದ. ಗರಗರ ಎಂದಿತು. ಫೋನಿನಲ್ಲಿ ಕೇಳಿದ್ದನ್ನು ಅವನು ಈವರೆಗೆ ಮುಟ್ಟಿರಲಿಲ್ಲ.

"ಕತ್ತರಿ ಇದೆಯಾ? ಸಣ್ಣದು. ಬಿಸಿನೀರು, ಡೆಟಾಲ್ ಏನಾದ್ರೂ? ಇದನ್ನ ಕೂರಿಸಿ ಹಿಡ್ಕೊಳ್ಳಿ, ಬೆನ್ನಿಗೆ ನಿಮ್ಮ ಎದೆ ಕೊಡಿ." ಎಷ್ಟೋ ವರ್ಷವಾಗಿತ್ತು ಪ್ರಾಣಿಯೊಂದರ ಮೇಲೆ ಕೈಯಿಟ್ಟು, ಕೈಗೆ ನೆನಪಿತ್ತು. ಕೇಶವ್ ನೆಲದ ಮೇಲೆ ಕೂತು ಹೋತವನ್ನು ಮಗುವನ್ನು ಅಪ್ಪಿಕೊಂಡಂತೆ ಹಿಡಿದ, ಮುಖ ಬೇರೆ ಕಡೆ ತಿರುಗಿಸಿದ. ಗಂಡು ಮೇಕೆಯ ಮೂತ್ರನಾಳದ ತುದಿಗೆ ಹುಳದಂಥ ಒಂದು ಎಳೆಯಿರುತ್ತದೆ. ಹರಳು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಅಲ್ಲಿ. ಅದು ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಕತ್ತರಿಸಿದ. ಹೋತ ಕೂಗಿತು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ರಕ್ತ ಬೆರೆತ ಹನಿ, ಇನ್ನೊಂದು ಹನಿ, ಮತ್ತೆ ಸಣ್ಣಗೆ ಧಾರೆ, ಮರಳು ಮರಳಾಗಿ, ಜಗನ್ನಾಥನ ಅಂಗೈ, ಪಂಚೆ, ಷರಟಿನ ತೋಳು ಎಲ್ಲ ನೆನೆಯಿತು. ನಿಲ್ಲದೆ ಹೋಯಿತು. ಹೋತ ಹಲ್ಲು ಕಡಿಯುವುದನ್ನು ನಿಲ್ಲಿಸಿ ಕೇಶವ್‌ನ ತೋಳಿನ ಮೇಲೆ ತಲೆಯಿಟ್ಟಿತು. ಜಗನ್ನಾಥನಿಗೆ ಎಷ್ಟು ಸಂತೋಷವಾಯಿತೆಂದರೆ ಅವನು ಗಟ್ಟಿಯಾಗಿ ನಕ್ಕುಬಿಟ್ಟ.

"ಇದು ಪೂರ್ತಿ ವಾಸಿಯಲ್ಲ. ಒಳಗೆ ಇನ್ನೂ ಇರತ್ತೆ. ಇವತ್ತೇ ವೆಟ್ ಹತ್ರ ತಗೊಂಡು ಹೋಗಿ," ಎಂದ ಕೈ ತೊಳೆಯುತ್ತಾ. "ಮಿಕ್ಕಿದ್ದಕ್ಕೆಲ್ಲ ಚೀಲದ ಫೀಡು ನಿಲ್ಲಿಸಿ. ಬರೀ ಹುಲ್ಲು, ಎಷ್ಟು ತಿನ್ನತ್ತೋ ಅಷ್ಟು. ನೀರು ಚೆನ್ನಾಗಿ ಕುಡೀಲಿ." ಕೇಶವ್ ಕೂತಲ್ಲಿಂದ ಎದ್ದಿರಲಿಲ್ಲ. "ದೇವರು ಬಂದಂಗ ಬಂದ್ರಿ ಸರ್," ಎಂದ.  ಇಲ್ಲಿಗೆ ಮುಗಿಸಬಹುದಿತ್ತು. ಫೀಡು ನಿಲ್ಲಿಸಿ ಎಂದು ಹೇಳಿದ್ದಾಯಿತು, ಮೇಕೆಗಳು ಬದುಕುತ್ತವೆ, ಜಗನ್ನಾಥ ಕೆಲಸ ಕಳೆದುಕೊಳ್ಳುವುದಿಲ್ಲ, ಮೇಲಾಗಿ ದೇವರೂ ಆದ. ಕಾರಿನ ಕಡೆ ಹೊರಡೋಣ ಎಂದು ಅವನು ಕೋಟು ಎತ್ತಿಕೊಂಡ. ಆಗ ಕೇಶವ್ ಹೋತದ ಬೆನ್ನು ಸವರುತ್ತಾ ಅದಕ್ಕೇ ಹೇಳುವಂತೆ ಹೇಳಿದ: "ಎಲ್ಲೋ ನಾನs ತಪ್ಪು ಮಾಡೀನ್ರಿ. ತಕ್ಕಡಿ ಸರಿ ಇಲ್ಲೋ, ನೀರು ಸರಿ ಇಲ್ಲೋ. ನಿಮ್ಮ ಲೆಕ್ಕ ಛೊಲೋ ಅದ. ನನ್ನ ಕೈಗುಣಾನs ಹಂಗ. ಮುಟ್ಟಿದ್ದು ಒಂದೂ ನೆಟ್ಟಗಾಗಂಗಿಲ್ಲ."

"ನಿಮ್ದಲ್ಲ ತಪ್ಪು," ಎಂದ ಜಗನ್ನಾಥ. ಕೋಟಿನ ಒಂದು ತೋಳು ಹಾಕಿಕೊಂಡಿದ್ದ, ಇನ್ನೊಂದು ಜೋತಾಡುತ್ತಿತ್ತು. "ಫೀಡಿನದು. ನನ್ನ ಪ್ರಯೋಗದಲ್ಲೂ ಹೀಗೇ ಎರಡು ಸತ್ತವು. ಇದೇ ಫೀಡು, ಇದೇ ರೀತಿ. ನಾನು ರಿಪೋರ್ಟಿನಲ್ಲಿ ಬರೀಲಿಲ್ಲ. ಬೇರೆ ಕಾರಣ ಅಂತ ಬರೆದೆ." ಒಂದೇ ಉಸಿರಿಗೆ ಇಷ್ಟೂ ಹೊರಬಿತ್ತು. ಕೇಶವ್ ಬಯ್ಯುತ್ತಾನೆ, ಬಯ್ಯಲಿ, ಹೊಡೆದರೂ ಸರಿ ಎಂದು ಕಾದ. ಕೇಶವ್ ಅವನ ಮುಖ ನೋಡಿದ. "ಇದs ರೀತಿ ಅಂದ್ರ? ಕಾಲು ಚಾಚಿ?" "ಹೌದು." "ಹಲ್ಲು ಕಡಕೊಂತ?" "ಹೌದು." ಕೇಶವ್ ಹೋತವನ್ನು ಮೆಲ್ಲಗೆ ಕೆಳಗಿಟ್ಟು ಎದ್ದ. "ನಂದು ಮೂರು ಸತ್ತಾವ್ರಿ," ಎಂದ. "ಈ ಗ್ವಾಡಿ ಹಿಂದ ಹುಗದೀನಿ. ನಿಮಗ ಹೇಳಲಿಲ್ಲ. ನಮ್ಮವರು ಒಬ್ರು ಇಷ್ಟು ಮಾಡಿ ತೋರಿಸ್ಯಾರ, ಅದನ್ನೂ ಕೆಡಿಸಿದೆನಲ್ಲಾ ಅಂತ ನಾಚಿಕಿ ಬಂತು. ಇಂದು ಅಂದ್ಲು, ನೌಕ್ರಿನೂ ಹಿಂಗs ಕಳಕೊಂಡಿರಬೇಕು ನೀವು, ನಿಮ್ಮ ಕೈಲೆ ಏನೂ ಆಗೂದಿಲ್ಲ ಅಂತ. ಎರಡು ತಿಂಗಳಾತು, ಆಕಿ ನನ್ನ ಜೋಡಿ ಮಾತಾಡೂದು ಬಿಟ್ಟು."

ಅಷ್ಟು ಹೇಳಿ ಅವನು ಜೇಬಿನಿಂದ ಫೋನು ತೆಗೆದ. ಬೈಯಲು ಯಾರನ್ನೋ ಕರೆಯುತ್ತಿದ್ದಾನೆ ಎಂದುಕೊಂಡ ಜಗನ್ನಾಥ. "ಇಂದೂ," ಎಂದ ಕೇಶವ್. "ಇಂದೂ, ಕೇಳಿಲ್ಲೆ. ನಂದಲ್ಲಂತ. ತಪ್ಪು ನಂದಲ್ಲಂತ. ಫೀಡಿಂದಂತ. ಡಾಕ್ಟರು ಇಲ್ಲೇ ಅದಾರ, ಅವರs ಹೇಳಿದ್ರು. ನಾ ಸರಿ ಹಾಕೀನಂತ ಎಲ್ಲಾ." ಅವನು ನಗುತ್ತಿದ್ದ. ಕಣ್ಣಿಂದ ನೀರು ಇಳಿದು ಗಡ್ಡಕ್ಕೆ ಬರುತ್ತಿದ್ದರೂ ಒರೆಸಿಕೊಳ್ಳದೆ, ಸರಿ ಹಾಕೀನಂತ, ಸರಿ ಹಾಕೀನಂತ ಎಂದು ಅದನ್ನೇ ಹೇಳುತ್ತಿದ್ದ. ಜಗನ್ನಾಥನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಎರಡು ಮೇಕೆಯ ಲೆಕ್ಕವನ್ನು ಮಾತ್ರ ಅವನು ಇಷ್ಟು ದಿನ ಹೊತ್ತುಕೊಂಡು ತಿರುಗಿದ್ದ. ಮೂವತ್ತು ಮೈಲಿಯಾಚೆ ಒಂದು ಮನೆಯಲ್ಲಿ ಇಬ್ಬರು ಮಾತು ಬಿಟ್ಟು ಬದುಕಿದ್ದು ಯಾವ ಗುಂಪಿನಲ್ಲಿ ಬರುತ್ತದೆ?

ಕೇಶವ್ ಫೋನು ಜೇಬಿಗೆ ಹಾಕಿದ. ನಗು ನಿಧಾನಕ್ಕೆ ಮುಖದಿಂದ ಇಳಿಯಿತು. ಟಾರ್ಪಾಲಿನ ಹಗ್ಗ ಬಿಚ್ಚಿ, ಪೆಂಡಿ ಒಡೆದು, ತೋಳ ತುಂಬ ಹುಲ್ಲು ಎತ್ತಿ ಬೇಲಿಯೊಳಗೆ ಹಾಕಿದ, ಮೂವತ್ತಾರೂ ನುಗ್ಗಿದವು. ಕೈ ಕೊಡವಿಕೊಂಡು ಬಂದು, ಗೋಡೆಯ ಮೇಲಿನ ತಖ್ತೆಯ ಹಿಂದಿನಿಂದ ಒಂದು ಗೆರೆ ಹಾಕಿದ ನೋಟ್‌ಬುಕ್ಕು, ಪೆನ್ನು ತೆಗೆದು ಜಗನ್ನಾಥನ ಮುಂದೆ ಹಿಡಿದ. "ಬರದು ಕೊಡ್ರಿ. ಫ್ಲಿಂಟ್ ಕಡೆ ಇಬ್ರು, ಲ್ಯಾನ್ಸಿಂಗ್ ಕಡೆ ಒಬ್ರು, ನನ್ನ ನೋಡಿ ಇದs ಫೀಡು ಸುರು ಮಾಡ್ಯಾರ. ನಾ ಹೇಳಿದ್ರ ನಂಬೂದಿಲ್ಲ. ನಿಮ್ಮ ಹೆಸರು, ನಿಮ್ಮ ಹುದ್ದಿ, ಸಹಿ, ಎಲ್ಲಾ ಬೇಕು." ದನಿಯಲ್ಲಿ ಸರ್ ಇರಲಿಲ್ಲ. ಸೋಮವಾರ ಇದು ಲಿಸ್ಲ್‌ನ ಆಫೀಸು ಮುಟ್ಟುತ್ತದೆ ಎಂದು ಜಗನ್ನಾಥನಿಗೆ ತಿಳಿದಿತ್ತು. ಭಯವಾಯಿತು. ಮೇವಿನ ಡ್ರಮ್ಮಿನ ಮೇಲೆ ನೋಟ್‌ಬುಕ್ಕು ಇಟ್ಟು ಬರೆಯತೊಡಗಿದ. ಪ್ರಯೋಗದ ತಿಂಗಳು, ಗುಂಪು, ಎಷ್ಟು ಸತ್ತವು, ಲಕ್ಷಣಗಳೇನು, ಗಂಡುಮರಿಗಳಿಗೆ ಇದನ್ನು ಹಾಕಕೂಡದು.

ಕೇಶವ್ ಹೆಗಲ ಮೇಲಿನಿಂದ ಓದುತ್ತಿದ್ದ. "ಸತ್ತವನ್ನ ಕೊಯ್ದು ನೋಡಿದ್ರೇನು?" ಎಂದ. "ಇಲ್ಲ." "ಯಾಕ ನೋಡ್ಲಿಲ್ಲ?"

ಅಪ್ಪನ ಶ್ರಾದ್ಧವಿತ್ತು ಎನ್ನುವ ಮಾತು ನಾಲಿಗೆಯವರೆಗೆ ಬಂದಿತು. ಕೇಶವ್‌ನೂ ವರ್ಷವರ್ಷ ಶ್ರಾದ್ಧ ಮಾಡುವವನು. ಒಪ್ಪುತ್ತಾನೆ, ಹಂಗಾರ ನೀವಾದ್ರೂ ಏನು ಮಾಡೀರಿ ಎನ್ನುತ್ತಾನೆ, ಮರುಗಿದರೂ ಮರುಗಿದ. ಹದಿನೇಳು ತಿಂಗಳಿನಿಂದ ತಯಾರಾಗಿದ್ದ ಉತ್ತರ. ಜಗನ್ನಾಥ ಪೆನ್ನು ಎತ್ತಿದ.

"ನೋಡಿದ್ರೆ ಗೊತ್ತಾಗಿಬಿಡ್ತಿತ್ತು," ಎಂದ.

ಕೇಶವ್ ನೋಟ್‌ಬುಕ್ಕಿನ ಖಾಲಿ ಗೆರೆಯ ಮೇಲೆ ಬೆರಳಿಟ್ಟ. "ಅದನ್ನೂ ಬರೀರಿ," ಎಂದ.